ಬಾವಿ ಕೆಸರಲ್ಲಿ ಸಿಕ್ಕ ಶಾಯಿ ಬಾಟಲಿ

ಕಳೆದ ಮೇ ತಿಂಗಳಲ್ಲಿ ಉಡುಪಿ ಮನೆಯ ಬಾವಿಯ ಕೆಸರು ತೆಗೆಸಿದಾಗ ಒಂದು ಹಳೇ ಶಾಯಿ ಬಾಟಲಿ ಸಿಕ್ಕಿತು. ತೊಳೆದು ಬಿಸಿಲಿಗೆ ಹಿಡಿದರೆ ಮೈಯೆಲ್ಲಾ ನವಿಲಿನ ಕತ್ತಿನ ಬಣ್ಣ. ಉಗುರಲ್ಲಿ ಮೆಲ್ಲ ಕೆರೆದೆ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಪದರ ಎದ್ದು ಬಂತು. "ಬಣ್ಣ ಬಳಿದದ್ದಾ?" ಅಂದರು ಅಮ್ಮ. ಬಣ್ಣ ಅಲ್ಲ, ನೀರು ಗಾಜನ್ನು ತಿಂದ ಗುರುತು.

ಗಾಜಿಗೆ ನೀರಿಂದ ಏನೂ ಆಗುವುದಿಲ್ಲ ಅಂತ ನಂಬಿರುತ್ತೇವೆ ಅಲ್ವಾ? ಆಗುತ್ತದೆ, ಬಹಳ ನಿಧಾನವಾಗಿ. ಕೈಗಾ ಅಣು ವಿದ್ಯುತ್ ಸ್ಥಾವರ ನಮ್ಮ ಕರಾವಳಿಗೆ ದೂರವೇನಲ್ಲ, ಹಾಗಾಗಿ ಈ ನಿಧಾನ ಎಷ್ಟು ಅನ್ನುವುದು ನನಗೆ ಮುಖ್ಯ. ಬಳಸಿದ ಅಣು ಇಂಧನವನ್ನು ಸಂಸ್ಕರಿಸಿದ ಮೇಲೆ ಉಳಿಯುವ ತೀವ್ರ ವಿಕಿರಣದ ದ್ರವವನ್ನು ಬೋರೋಸಿಲಿಕೇಟ್ ಅನ್ನುವ, ಬೋರಾನ್ ಬೆರೆತ ಗಾಜಿನೊಳಗೆ ಸೇರಿಸಿ, ಸುಮಾರು 1000 ಡಿಗ್ರಿ ಶಾಖದಲ್ಲಿ ಕರಗಿಸಿ ಸ್ಟೀಲ್ ಡಬ್ಬಿಗೆ ಸುರಿಯುತ್ತಾರೆ. ನಮ್ಮಲ್ಲಿ ತಾರಾಪುರ, ಟ್ರಾಂಬೆ, ಕಲ್ಪಾಕ್ಕಂಗಳಲ್ಲಿ ಈ ಕೆಲಸ ಆಗಿದೆ. ಅದರಲ್ಲಿರುವ ಸೀಸಿಯಂ 137 ಸುಮಾರು 30 ವರ್ಷಕ್ಕೆ ಅರ್ಧ ಆಗುತ್ತದೆ, ಆದರೆ ಸಾವಿರಾರು ವರ್ಷ ಉಳಿಯುವಂಥವೂ ಇವೆ. ಸ್ಟೀಲ್ ಒಂದಲ್ಲ ಒಂದು ದಿನ ತುಕ್ಕು ಹಿಡಿಯುತ್ತದೆ. ಆಮೇಲೆ ನೀರಿಗೆ ಎದುರಾಗುವುದು ಗಾಜೇ.

ಮೊದಲು ಗಾಜಿನ ಸೋಡಿಯಂ ಹೊರಗೆ ಹೋಗಿ ನೀರಿನ ಹೈಡ್ರೋಜನ್ ಅದರ ಜಾಗಕ್ಕೆ ಬರುತ್ತದೆ. ಬೋರಾನ್ ಕೂಡ ಹೊರಡುತ್ತದೆ. ಸಿಲಿಕಾನ್ ಮತ್ತು ಆಮ್ಲಜನಕದ ಬೆಸುಗೆಯನ್ನು ನೀರು ಒಂದೊಂದಾಗಿ ಬಿಡಿಸುತ್ತದೆ. ಹೀಗೇ ಮುಂದುವರಿದಿದ್ದರೆ ಕಷ್ಟ ಇತ್ತು. ಆದರೆ ಅಮ್ಮನ ಉಪ್ಪುನೀರ ಮಾವಿನಕಾಯಿ ಭರಣಿ ನೋಡಿ: ಅಡಿಯಲ್ಲಿ ಉಪ್ಪು ಹಾಗೇ ಕೂತಿರುತ್ತದೆ, ನೀರು ಇನ್ನು ಕರಗಿಸಿಕೊಳ್ಳಲಾರದು. ದಿನಾ ಹೊಸ ನೀರು ಹಾಕಿದರೆ ಮಾತ್ರ ಉಪ್ಪು ಖಾಲಿ. ಗಾಜಿನ ಸುತ್ತಲಿನ ನೀರಲ್ಲಿ ಹೀಗೆ ಬಿಡಿಸಿಕೊಂಡು ಬಂದ ಸಿಲಿಕಾ ತುಂಬಿದಾಗಲೂ ಹಾಗೆಯೇ. ಜೊತೆಗೆ ಮೈಮೇಲೆ ಒಂದು ಲೋಳೆಯಂಥ ಪದರ ಕಟ್ಟಿ, ಕರಗುವ ವೇಗ ಸಾವಿರ ಪಟ್ಟು, ಅದಕ್ಕೂ ಜಾಸ್ತಿ ಇಳಿಯಬಹುದು. ಈ ಡಬ್ಬಿಗಳನ್ನು ನೆಲದಾಳದಲ್ಲಿ ಹೂಳಲು ನೀರು ಹರಿಯದ ಬಂಡೆ, ಸುತ್ತ ಜೇಡಿಮಣ್ಣು ಅಂತ ಹುಡುಕುವುದು ಸುಮ್ನೆ ಅಲ್ಲ.

ಆದರೂ ನಾನು ಪೂರ್ತಿ ನಿಶ್ಚಿಂತ ಅಲ್ಲ. ನೀರು ತುಂಬಾ ಕ್ಷಾರವಾದರೆ ಜಿಯೋಲೈಟ್ ಅನ್ನುವ ಖನಿಜದ ಹರಳುಗಳು ಬೆಳೆಯುತ್ತವೆ, ಆ ಪದರದ ಸಿಲಿಕಾ, ಅಲ್ಯುಮಿನಿಯಂ ಎಳೆದುಕೊಳ್ಳುತ್ತವೆ, ಕರಗುವುದು ಮತ್ತೆ ಜೋರಾಗುತ್ತದೆ.

ಫ್ರಾನ್ಸ್ ಕರಾವಳಿಯ ಎಂಬಿಯೇ ದ್ವೀಪದ ಹತ್ತಿರ, ಮುಳುಗಿದ ರೋಮನ್ ಹಡಗಿನಲ್ಲಿ ಸುಮಾರು 1800 ವರ್ಷ ಸಮುದ್ರದಡಿ ಇದ್ದ ಗಾಜಿನ ಗಟ್ಟಿಗಳು ಸಿಕ್ಕಿವೆ. ಅವುಗಳ ಮೈತುಂಬ ಬಿರುಕು. ಹೊರಗಿನ ಅಗಲ ಬಿರುಕುಗಳಲ್ಲಿ ಗಾಜು ಜಾಸ್ತಿ ಸವೆದಿದೆ. ಒಳಗಿನ ಸಣ್ಣ ಬಿರುಕುಗಳಿಗೂ ನೀರು ಹೋಗಿತ್ತು, ಆದರೆ ಅದು ಅಲ್ಲೇ ನಿಂತ ನೀರು. ಅಲ್ಲಿ ಸವೆತ ತೀರಾ ಕಮ್ಮಿ.