ಹಾನ್ಲೆಯ ಕತ್ತಲೆ

ಹಾನ್ಲೆ, ಲಡಾಖ್
20 ಸೆಪ್ಟೆಂಬರ್ 2025, ಶನಿವಾರ

ನಾಳೆ ಮಹಾಲಯ ಅಮಾವಾಸ್ಯೆ. ಈ ರಾತ್ರಿಗಳಿಗಾಗಿಯೇ ಕಾದು ಬಂದದ್ದು ಸಾರ್ಥಕವಾಯಿತು.

ಲೇಹ್‌ನಲ್ಲಿ ತಂಗಿ ಮೈ ಒಗ್ಗಿಸಿಕೊಂಡಿದ್ದರೂ ನಿನ್ನೆ ಮಧ್ಯಾಹ್ನ ದಿಗ್ಪಾ ರತ್ಸಾ ರಿ ಬೆಟ್ಟದ ಮೇಲೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಏದುಸಿರು ಬಂತು. ಎತ್ತರ 4,500 ಮೀಟರ್. ಗಾಳಿ ತೆಳು, ಒಣ. ನಮ್ಮ ತುಟಿ ಒಡೆಸುವ ಈ ಒಣಹವೆಯೇ ಬೆಟ್ಟದ ಮೇಲಿನ ಖಗೋಳ ವೀಕ್ಷಣಾಲಯಕ್ಕೆ ವರ. ನಕ್ಷತ್ರಗಳ, ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣಗಳನ್ನು ಹೀರಿಕೊಳ್ಳುವ ನೀರಾವಿ ಇಲ್ಲಿ ತೀರಾ ಕಡಿಮೆ. ಇಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕದ ಕನ್ನಡಿ 2 ಮೀಟರ್ ಅಗಲದ್ದು. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವ ಕೇಂದ್ರ ಇರುವುದು ನಮ್ಮ ಹೊಸಕೋಟೆಯಲ್ಲಿ!

ಕತ್ತಲಾದ ಮೇಲೆ ಬೆಟ್ಟ ವಿಜ್ಞಾನಿಗಳದ್ದು. ನಾವು ಕೆಳಗೆ, ಊರಿನ ಒಂದು ಅಂಗಳದಲ್ಲಿ ನಿಂತೆವು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಿಂದ ತರಬೇತಿ ಪಡೆದ ಇಲ್ಲಿನ ಯುವತಿಯೊಬ್ಬರು ದೂರದರ್ಶಕವನ್ನು ಶನಿಯತ್ತ ತಿರುಗಿಸಿದರು. ಈ ವರ್ಷ ಉಂಗುರಗಳು ಹೆಚ್ಚುಕಡಿಮೆ ಅಂಚಿನಿಂದಷ್ಟೇ ಕಾಣುತ್ತವೆ. ಹಳದಿ ಮಣಿಯೊಂದಕ್ಕೆ ಸೂಜಿ ಪೋಣಿಸಿ ಹಾಗೆಯೇ ಬಿಟ್ಟಂತಿತ್ತು. ಕಣ್ಣು ತೆಗೆಯಲು ಮನಸ್ಸೇ ಬರಲಿಲ್ಲ. ಬೆಂಗಳೂರಿನಲ್ಲಿ ದಿಗಂತದಿಂದ ಬರೀ 13 ಡಿಗ್ರಿ ಮೇಲೆ, ಕಟ್ಟಡಗಳ ಹಿಂದೆ ಅಡಗಿರುವ ಧ್ರುವನಕ್ಷತ್ರ ಇಲ್ಲಿ ಸುಮಾರು 33 ಡಿಗ್ರಿಗೆ ಏರಿದೆ. ದೇವಯಾನಿ ಗೆಲಾಕ್ಸಿಯನ್ನು ಹುಡುಕಬೇಕಾಗಿಯೇ ಇರಲಿಲ್ಲ. ನೆತ್ತಿಯ ಹತ್ತಿರವೇ ಬರಿಗಣ್ಣಿಗೆ ಕಂಡಿತು.

ಬೆಳಗಿನ ಜಾವ ನಾಲ್ಕರ ಸುಮಾರಿಗೆ ಮತ್ತೆ ಹೊರಗೆ ಬಂದೆ. ಚಳಿಗೆ ಬೆರಳು ಮಡಚಲಾಗುತ್ತಿರಲಿಲ್ಲ. ಪೂರ್ವದಲ್ಲಿ ಮಂದವಾದ ಬೆಳಕಿನ ಗೋಪುರವೊಂದು ಓರೆಯಾಗಿ ಮೇಲೆದ್ದಿತ್ತು. ಅರುಣೋದಯವೆಂದು ತಿಳಿಯಬೇಕು, ಹಾಗಿತ್ತು. ಆದರೆ ಅದಕ್ಕಿನ್ನೂ ಹೊತ್ತಿತ್ತು. ಗ್ರಹಗಳ ನಡುವೆ ಹರಡಿರುವ ಧೂಳಿನ ಮೇಲೆ ಬಿದ್ದ ಸೂರ್ಯನ ಬೆಳಕದು. ನಗರದ ಬೆಳಕಿನ ಒಂದು ಚೂರು ಸೋಂಕಿದರೂ ಅಳಿಸಿಹೋಗುವಷ್ಟು ತೆಳು.

ಅದು ಉಳಿದಿರುವುದು ಎತ್ತರದಿಂದ ಮಾತ್ರವಲ್ಲ. 2022ರಲ್ಲಿ ಈ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಿದ್ದಾರೆ. ನಾವು ಉಳಿದ ಮನೆಯ ಅಮ್ಮ ಸಂಜೆಯಾಗುತ್ತಲೇ ಕಿಟಕಿಗಳಿಗೆ ದಪ್ಪ ಪರದೆ ಎಳೆದು, ಅಂಚಿನಲ್ಲಿ ಬೆಳಕು ಸೋರುತ್ತಿದೆಯೇ ಎಂದು ಹೊರಗೆ ಹೋಗಿ ನೋಡಿ ಬಂದರು. ವಿಜ್ಞಾನಕ್ಕೆ ಅವರು ಕೊಡುತ್ತಿರುವುದು ಸಣ್ಣದೇನಲ್ಲ. ಹೊಸಕೋಟೆಯ ಕಂಪ್ಯೂಟರ್ ಪರದೆಗಳ ಮೇಲೆ ಮೂಡುವ ಒಂದೊಂದು ಚಿತ್ರದಲ್ಲೂ ಅವರ ಪಾಲಿದೆ.

ಊರಿಗೆ ಮರಳಿದೊಡನೆ ನಮ್ಮ ಬಡಾವಣೆಯ ಸಂಘದ ಸಭೆಯಲ್ಲಿ ಬೀದಿದೀಪಗಳ ಮಾತೆತ್ತುತ್ತೇನೆ. ಅವುಗಳ ಬೆಳಕು ರಸ್ತೆಗೆ ಬೀಳಲಿ, ಆಕಾಶಕ್ಕೇಕೆ? ದೀಪದ ಮೇಲೊಂದು ತಗಡಿನ ಮುಚ್ಚಳ ಹಾಕಿಸುವುದು ದೊಡ್ಡ ಖರ್ಚಲ್ಲ.