ಮುಂಬಯಿ ಫ್ಲ್ಯಾಟಿನಲ್ಲಿ ಬೆಕ್ಕಿನ ಲಿಟರ್ ಬಾಕ್ಸ್: ಘಾಟು ಹುಟ್ಟುವುದೆಲ್ಲಿ, ತಡೆಯುವುದು ಹೇಗೆ

ಬೆಕ್ಕು ಆಗತಾನೇ ಹೊಯ್ದ ಉಚ್ಚೆಗೆ ಅಂಥ ವಾಸನೆ ಇರುವುದಿಲ್ಲ. ಕಣ್ಣು ಮೂಗು ಉರಿಸುವ ಘಾಟು ಹುಟ್ಟುವುದು ಕೆಲವು ಗಂಟೆ ಕಳೆದ ಮೇಲೆ. ಉಚ್ಚೆಯಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಆಗುತ್ತದೆ, ಆ ಕೆಲಸಕ್ಕೆ ಅವುಗಳಿಗೆ ಬೇಕಾದದ್ದು ತೇವ ಮತ್ತು ಹೊತ್ತು. ಬೆಕ್ಕಿನ ಮೂಲ ಒಣ ಸೀಮೆ. ಕಡಿಮೆ ನೀರಿನಲ್ಲಿ ಬದುಕುವ ಪ್ರಾಣಿಯಾದ್ದರಿಂದ ಅದರ ಉಚ್ಚೆ ಬಹಳ ಗಾಢ. ಜೊತೆಗೆ ಫೆಲಿನೀನ್ ಎಂಬ ಗಂಧಕಯುಕ್ತ ಅಮೈನೋ ಆಮ್ಲವೂ ಅದರಲ್ಲಿದೆ. ಅದು ಒಡೆದಾಗ ಬರುವುದೇ ಮೆಟ್ಟಿಲಿನವರೆಗೂ ಹಬ್ಬುವ ಗಂಡು ಬೆಕ್ಕಿನ ನಾತ. ಸಂತಾನಹರಣ ಮಾಡಿಸಿದರೆ ಈ ಫೆಲಿನೀನ್ ಗಣನೀಯವಾಗಿ ತಗ್ಗುತ್ತದೆ. ಐದಾರು ತಿಂಗಳಾದರೂ ಆಪರೇಷನ್ ಆಗದ ಗಂಡು ಮನೆಯಲ್ಲಿದ್ದರೆ ಮೊದಲು ಅದನ್ನು ಮುಗಿಸಿ. ಅದಾಗದೆ ಎಷ್ಟು ದುಬಾರಿ ಲಿಟರ್ (ಡಬ್ಬಿಗೆ ತುಂಬುವ, ಉಚ್ಚೆ ಹೀರುವ ಹರಳು) ತಂದರೂ ಅರ್ಧ ದುಡ್ಡು ದಂಡ.

ಊದುಬತ್ತಿ, ರೂಂ ಫ್ರೆಶ್ನರ್, ಪರಿಮಳದ ಲಿಟರ್ ಯಾವುದೂ ಅಮೋನಿಯಾವನ್ನು ಮುಟ್ಟುವುದಿಲ್ಲ. ಘಾಟಿನ ಮೇಲೆ ಮಲ್ಲಿಗೆ ವಾಸನೆ ಕೂತು ಇನ್ನೂ ಅಸಹ್ಯವಾಗುತ್ತದೆ, ಅಷ್ಟೇ. ಮನುಷ್ಯರಿಗಿಂತ ಎಷ್ಟೋ ಪಾಲು ಚುರುಕು ಮೂಗಿನ ಬೆಕ್ಕು ಆ ಡಬ್ಬಿಯನ್ನೇ ಬಿಟ್ಟು ಸೋಫಾದ ಹಿಂದೆ ಹೋಗುತ್ತದೆ. ಮಾಡಬೇಕಾದ್ದು ಇಷ್ಟೇ: ತೇವವನ್ನು ಬಿದ್ದ ಜಾಗದಲ್ಲೇ ಹಿಡಿದಿಡುವುದು, ಹೊತ್ತು ಮೀರುವ ಮೊದಲು ಹೊರಗೆ ಹಾಕುವುದು.

ಹಿಡಿದಿಡುವ ಕೆಲಸ ಲಿಟರಿನ ಆಳದ್ದು. ಹೆಚ್ಚಿನ ಮನೆಗಳಲ್ಲಿ ತಪ್ಪುವುದೂ ಅಲ್ಲೇ. ಇಲ್ಲಿನ ಪೆಟ್ ಶಾಪುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬೆಂಟೊನೈಟ್. ಗುಜರಾತಿನ ಕಛ್‌ನಲ್ಲಿ ಹೇರಳವಾಗಿ ತೋಡಿ ತೆಗೆಯುವ ಜೇಡಿ ಇದು. ನೀರು ತಾಗಿದೊಡನೆ ಉಬ್ಬಿ, ಅಕ್ಕಪಕ್ಕದ ಹರಳುಗಳನ್ನೂ ಹಿಡಿದುಕೊಂಡು ಉಂಡೆ ಕಟ್ಟುತ್ತದೆ. ಉಂಡೆ ಪೂರ್ತಿ ಕಟ್ಟಬೇಕಾದರೆ ಉಚ್ಚೆ ತಳ ಮುಟ್ಟುವ ಮೊದಲೇ ಹೀರಿಹೋಗಬೇಕು, ಅದಕ್ಕೆ 6ರಿಂದ 7 ಸೆಂಟಿಮೀಟರ್ ಆಳ ಬೇಕು. ಲೆಕ್ಕ ಹಾಕಿ ನೋಡಿ: 50 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ಟ್ರೇಗೆ 6 ಸೆಂ.ಮೀ. ತುಂಬಿಸಲು 12 ಲೀಟರ್ ಲಿಟರ್ ಬೇಕು, ತೂಕದಲ್ಲಿ ಹೆಚ್ಚುಕಡಿಮೆ 10 ಕಿಲೋ. ಜನ 5 ಕಿಲೋದ ಒಂದು ಚೀಲ ಸುರಿದು ಮುಗಿಸುತ್ತಾರೆ. ಅಲ್ಲಿಗೆ ಆಳ ಬರೀ 3 ಸೆಂಟಿಮೀಟರ್. ಉಚ್ಚೆ ನೇರ ತಳಕ್ಕಿಳಿದು ಪ್ಲಾಸ್ಟಿಕ್ಕಿಗೆ ಅಂಟುತ್ತದೆ. ಟ್ರೇಯನ್ನು ಓರೆ ಮಾಡಿ ಲಿಟರನ್ನು ಒಂದು ಬದಿಗೆ ಸರಿಸಿ. ತಳದಲ್ಲಿ ರೊಟ್ಟಿಯಂತೆ ಅಂಟಿಕೊಂಡ ಬೂದು ಬಣ್ಣದ ಪದರ ಕಂಡರೆ ಮನೆಯ ಘಾಟಿನ ಮೂಲ ಅದೇ. ಮೇಲಿನದನ್ನು ದಿನಕ್ಕೆ ಹತ್ತು ಸಲ ಬಾಚಿದರೂ ಈ ಪದರ ಇರುವ ತನಕ ವಾಸನೆ ಹೋಗದು.

ಎರಡು ಚೀಲ ಒಟ್ಟಿಗೆ ಸುರಿಯಲು ಕೈ ಹಿಂಜರಿಯುತ್ತದೆ, ಸಹಜ. ಆದರೆ ಆಳವಿದ್ದರೆ ಉಂಡೆ ಪೂರ್ತಿಯಾಗಿ ಎದ್ದುಬರುತ್ತದೆ, ತೆಗೆದಷ್ಟನ್ನು ಮಾತ್ರ ಮತ್ತೆ ತುಂಬಿಸಿದರೆ ಸಾಕು. ಒಂದು ಬೆಕ್ಕಿಗೆ ಎರಡು ಮೂರು ವಾರ ಇಡೀ ಟ್ರೇ ಖಾಲಿ ಮಾಡುವ ಕೆಲಸವಿಲ್ಲ. ತೆಳ್ಳಗೆ ಹಾಕಿದವರು ವಾರಕ್ಕೊಮ್ಮೆ ಎಲ್ಲವನ್ನೂ ಎಸೆಯುತ್ತಾರೆ, ಕೊನೆಗೆ ಖರ್ಚು ಅವರದೇ ಜಾಸ್ತಿ.

ಬಾಚುವುದು ಬೆಳಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ. ಬೆಕ್ಕು ಇಳಿದ ಕೂಡಲೇ ಸ್ಕೂಪ್ ಹಿಡಿದು ಓಡಬೇಡಿ. ಉಂಡೆ ಗಟ್ಟಿಯಾಗಲು ಹತ್ತು ಹದಿನೈದು ನಿಮಿಷ ಕೊಡಿ. ಹಸಿಯಾಗಿರುವಾಗ ಎತ್ತಿದರೆ ಉಂಡೆ ಪುಡಿಯಾಗಿ, ಉಚ್ಚೆ ನೆನೆದ ಚೂರುಗಳು ಜಾಲರಿಯಿಂದ ಕೆಳಗುದುರಿ ಒಳ್ಳೆಯ ಲಿಟರಿನೊಳಗೆ ಸೇರಿಬಿಡುತ್ತವೆ. ಆಮೇಲೆ ಅವುಗಳನ್ನು ಆರಿಸಿ ತೆಗೆಯಲು ಯಾರಿಂದಲೂ ಆಗುವುದಿಲ್ಲ. ಸ್ಕೂಪನ್ನು ಬದಿಯಿಂದ ತಳದ ಉದ್ದಕ್ಕೆ ತೂರಿಸಿ ಉಂಡೆಯನ್ನು ಅಡಿಯಿಂದ ಎತ್ತಿ, ಮೇಲಿನಿಂದ ಕುಟ್ಟಬೇಡಿ. ಚೀಲದ ಜೊತೆ ಪುಕ್ಕಟೆ ಕೊಡುವ ಪ್ಲಾಸ್ಟಿಕ್ ಸ್ಕೂಪ್ ಬಾಗುತ್ತದೆ, ಅದರ ಸೀಳುಗಳೂ ಅಗಲ. ಲೋಹದ್ದು ಕೊಳ್ಳಿ, ಸೀಳು ಕಿರಿದಾದಷ್ಟೂ ಒಳ್ಳೆಯದು.

ಇಷ್ಟೆಲ್ಲ ಸರಿಯಿದ್ದೂ ಜೂನ್ ಬಂದರೆ ಲೆಕ್ಕ ತಲೆಕೆಳಗು. ಮಳೆಗಾಲದಲ್ಲಿ ಮುಂಬಯಿಯ ಗಾಳಿಯ ತೇವಾಂಶ ದಿನಗಟ್ಟಲೆ ಶೇಕಡಾ 80ಕ್ಕಿಂತ ಮೇಲೇ ಇರುತ್ತದೆ. ಬೆಂಟೊನೈಟಿಗೆ ನೀರು ಉಚ್ಚೆಯದೋ ಗಾಳಿಯದೋ ಎಂಬ ಭೇದವಿಲ್ಲ, ಎರಡನ್ನೂ ಹೀರುತ್ತದೆ. ಬಾಯಿ ತೆರೆದಿಟ್ಟ ಚೀಲ ನಿಂತಲ್ಲೇ ಅರ್ಧ ದಣಿದಿರುತ್ತದೆ. ಅದರ ಉಂಡೆ ಮೆತ್ತಗೆ, ಕಟ್ಟುವುದೂ ನಿಧಾನ. ಚೀಲ ಒಡೆದ ದಿನವೇ ಅಕ್ಕಿ ತುಂಬಿಡುವಂಥ ಬಿಗಿ ಮುಚ್ಚಳದ ಡಬ್ಬಕ್ಕೆ ಸುರಿದುಬಿಡಿ. ಮಳೆಗಾಲದಲ್ಲಿ ದೊಡ್ಡ ಚೀಲದ ಆಫರ್ ಬೇಡ. ಮೂರು ವಾರಕ್ಕೆ ಬದಲಾಯಿಸುತ್ತಿದ್ದವರು ಎರಡಕ್ಕೇ ಬದಲಾಯಿಸಿ, ಆಳವನ್ನು ಮಾತ್ರ ಕಡಿಮೆ ಮಾಡಬೇಡಿ.

ಮಳೆಗಾಲದ ಇನ್ನೊಂದು ಪಜೀತಿ ತೊಳೆದ ಟ್ರೇಯದು. ಬಿಸಿಲಿಲ್ಲ, ಬಟ್ಟೆಯೇ ಒಣಗುವುದಿಲ್ಲ. ಅರೆ ಒದ್ದೆ ಟ್ರೇಗೆ ಹೊಸ ಲಿಟರ್ ಸುರಿದರೆ ತಳದಲ್ಲಿ ಮೊದಲ ದಿನವೇ ಅಂಟು ಪದರ ಸಿದ್ಧ. ಒಂದೇ ಅಳತೆಯ ಎರಡು ಟ್ರೇ ಇಟ್ಟುಕೊಂಡರೆ ಈ ರಗಳೆ ಇಲ್ಲ. ಒಂದು ಬಳಕೆಯಲ್ಲಿರುವಾಗ ತೊಳೆದದ್ದು ಫ್ಯಾನಿನ ಕೆಳಗೆ ಬೋರಲಾಗಿ ಎರಡು ದಿನ ಬಿದ್ದಿರಲಿ.

ಬೆಂಟೊನೈಟ್ ಬಿಟ್ಟರೆ ಸಿಲಿಕಾ ಹರಳು, ಟೋಫು, ಮರದ ಪೆಲೆಟ್. ಸಿಲಿಕಾ ಉಂಡೆ ಕಟ್ಟುವುದಿಲ್ಲ. ಉಚ್ಚೆಯನ್ನು ಒಳಗೆಳೆದುಕೊಂಡು ನೀರಿನಂಶವನ್ನು ಮೆಲ್ಲಗೆ ಗಾಳಿಗೆ ಬಿಡುತ್ತದೆ. ಮಳೆಗಾಲದ ಗಾಳಿ ಅದನ್ನೂ ಬೇಗ ತುಂಬಿಸಿಬಿಡುವುದರಿಂದ ಪ್ಯಾಕೆಟ್ಟಿನ ಮೇಲೆ ಒಂದು ತಿಂಗಳು ಎಂದಿದ್ದರೂ ನಂಬಬೇಡಿ, ಮೂಗನ್ನು ನಂಬಿ. ಟೋಫು ಹಗುರ, ಧೂಳು ಕಡಿಮೆ, ಆಸ್ತಮಾ ಇರುವವರ ಮನೆಗೆ ಒಳ್ಳೆಯದು. ಆದರೆ ಸೋಯಾ ಹಿಂಡಿಯಾದ್ದರಿಂದ ಜುಲೈ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ಪೆಲೆಟ್ ಉಚ್ಚೆ ತಾಗಿದರೆ ಹೊಟ್ಟಾಗಿ ಉದುರುತ್ತದೆ. ಅದಕ್ಕೆ ತೂತಿನ ತಳದ ಎರಡಂತಸ್ತಿನ ಟ್ರೇ ಬೇಕು, ಕೆಳಗೆ ಬಿದ್ದ ಹೊಟ್ಟನ್ನು ದಿನಾ ಚೆಲ್ಲಬೇಕು. ಕಟ್ಟಡ ಕೆಲಸದ ಮರಳು ತಂದು ಹಾಕುವವರಿದ್ದಾರೆ. ಮರಳು ಏನನ್ನೂ ಹೀರುವುದಿಲ್ಲ, ನೆನೆದು ಕೂರುತ್ತದೆ. ಬಡಗಿಯ ಅಂಗಡಿಯ ಪ್ಲೈವುಡ್ ಪುಡಿಯಲ್ಲಿ ಅಂಟಿನ ರಾಸಾಯನಿಕ ಇರುತ್ತದೆ, ಅದೂ ಬೇಡ.

ಡಬ್ಬಿಯ ವಿಷಯಕ್ಕೆ ಬಂದರೆ, ಬಾಗಿಲಿರುವ ಗೂಡಿನಂಥ ಮುಚ್ಚಿದ ಬಾಕ್ಸ್ ವಾಸನೆಯನ್ನು ನಮ್ಮಿಂದ ಮುಚ್ಚುತ್ತದೆ, ಬೆಕ್ಕಿಗೆ ಕೂಡಿಹಾಕುತ್ತದೆ. ಕಣ್ಣಿಗೆ ಕಾಣದ್ದರಿಂದ ಬಾಚುವುದೂ ತಪ್ಪುತ್ತದೆ. ಎತ್ತರದ ಗೋಡೆಯ, ಮೇಲೆ ತೆರೆದ ಡಬ್ಬಿ ಇವೆಲ್ಲಕ್ಕಿಂತ ಮೇಲು. ಬಟ್ಟೆಬರೆ ತುಂಬಿಡುವ 60 × 40 ಸೆಂ.ಮೀ. ಅಳತೆಯ, 35 ಸೆಂ.ಮೀ. ಎತ್ತರದ ಪ್ಲಾಸ್ಟಿಕ್ ಟಬ್ ತನ್ನಿ. ಚಿಕ್ಕ ಬದಿಯೊಂದರಲ್ಲಿ, ತಳದಿಂದ 14 ಸೆಂ.ಮೀ. ಬಿಟ್ಟು ಮೇಲಕ್ಕೆ 22 ಸೆಂ.ಮೀ. ಅಗಲದ ಬಾಗಿಲನ್ನು ಯು ಆಕಾರದಲ್ಲಿ ಗುರುತು ಮಾಡಿ. ಚಾಕು ಕಾಯಿಸಿ ಕತ್ತರಿಸಬಹುದು, ಆದರೆ ಹೊಗೆ ಕೆಟ್ಟದ್ದು. ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡೇ ವಾಸಿ. ಮೂಲೆಗಳಲ್ಲಿ ಮೊದಲು ಡ್ರಿಲ್ಲಿನಿಂದ ತೂತು ಹಾಕದಿದ್ದರೆ ಪ್ಲಾಸ್ಟಿಕ್ ಅಲ್ಲಿಂದ ಸೀಳುತ್ತದೆ. ಅಂಚನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ. ನಿಂತೇ ಹೊಯ್ಯುವ ಬೆಕ್ಕಿನ ಉಚ್ಚೆ ಗೋಡೆಗೆ ಚಿಮ್ಮಿ ನೆಲದ ಟೈಲ್ಸ್ ಸಂದಿಗೆ ಇಳಿಯುವುದು ಇದರಿಂದ ನಿಲ್ಲುತ್ತದೆ. ಟೈಲ್ಸ್ ಸಂದಿ ಎಷ್ಟೋ ಮನೆಗಳಲ್ಲಿ ಯಾರಿಗೂ ಹೊಳೆಯದ ಅಪರಾಧಿ. ಈ ಅಳತೆಯ ಟಬ್ಬಿಗೆ ಲಿಟರ್ 12 ಕಿಲೋ ಹಿಡಿಯುತ್ತದೆ. ಪ್ಲಾಸ್ಟಿಕ್ಕಿನ ತಳದಲ್ಲಿ ಉಗುರಿನ ಗೀರುಗಳು ತುಂಬಿದಂತೆಲ್ಲ ವಾಸನೆ ಅಲ್ಲಿ ಮನೆ ಮಾಡುತ್ತದೆ. ವರ್ಷಕ್ಕೊಮ್ಮೆ ಬದಲಾಯಿಸಿ, ಇಲ್ಲವಾದರೆ ಸ್ಟೀಲಿನದು ಕೊಳ್ಳಿ. ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಡಬ್ಬಿ ಹೆಚ್ಚು ಎಂಬುದು ಬೆಕ್ಕಿನ ಡಾಕ್ಟರುಗಳು ಹೇಳುವ ಲೆಕ್ಕ. ಒಂದು ಕೋಣೆ, ಒಂದು ಅಡಿಗೆಮನೆಯ ಒನ್ ಆರ್‌ಕೆಯಲ್ಲಿ ಎರಡು ಬೆಕ್ಕಿಗೆ ಮೂರು ಡಬ್ಬಿ ಎಲ್ಲಿಡುವುದು? ಎರಡು ದೊಡ್ಡವನ್ನಿಟ್ಟು ಬಾಚುವುದನ್ನು ಮೂರು ಹೊತ್ತಿಗೆ ಏರಿಸಿ.

ಮಾಟುಂಗದಿಂದ ಡೊಂಬಿವಲಿವರೆಗೆ ನಮ್ಮವರ ಫ್ಲ್ಯಾಟುಗಳಲ್ಲಿ ಡಬ್ಬಿಗೆ ಸಿಗುವ ಜಾಗ ಬಾತ್‌ರೂಮು, ಇಲ್ಲವೇ ಬಟ್ಟೆ ಒಗೆಯುವ ಡ್ರೈ ಬಾಲ್ಕನಿ. ಬಾಲ್ಕನಿಗೆ ಗ್ರಿಲ್ಲೂ ಬಲೆಯೂ ಇದ್ದರೆ ಅದೇ ಉತ್ತಮ, ಇರಚಲು ಹೊಡೆಯದ ಮೂಲೆ ನೋಡಿ. ಬಾತ್‌ರೂಮಿನಲ್ಲಾದರೆ ಬಕೆಟ್ಟಿನ ನೀರು ಹಾರದ ಹಾಗೆ ಒಂದು ಗೇಣು ಎತ್ತರದ ಗಟ್ಟಿ ಮಣೆಯ ಮೇಲಿಡಿ. ಎಕ್ಸಾಸ್ಟ್ ಫ್ಯಾನ್ ತಿರುಗಿದ ಮಾತ್ರಕ್ಕೆ ಗಾಳಿ ಹೊರಗೆ ಹೋಗುವುದಿಲ್ಲ, ಹೋದಷ್ಟೇ ಒಳಗೆ ಬರಬೇಕು. ಬಾಗಿಲ ಕೆಳಗೆ ಎರಡು ಸೆಂಟಿಮೀಟರ್ ಸಂದಿ ಇಲ್ಲದಿದ್ದರೆ ಫ್ಯಾನ್ ಬರೀ ಸದ್ದು ಮಾಡುತ್ತದೆ. ಎಸಿ ಕೋಣೆಯಲ್ಲಂತೂ ಇಡಲೇಬೇಡಿ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ.

ಬೆಕ್ಕಿನ ಮೇಲೆ ತಪ್ಪು ಹೊರಿಸುವ ಮೊದಲು ನಹಾನಿ ಟ್ರ್ಯಾಪ್, ಅಂದರೆ ಬಾತ್‌ರೂಮಿನ ನೆಲದ ನೀರು ಹೋಗುವ ಕಿಂಡಿ, ನೋಡಿ. ಹೆಚ್ಚು ಬಳಸದ ಬಾತ್‌ರೂಮಿನಲ್ಲಿ ಅದರೊಳಗಿನ ನೀರು ಒಣಗಿದರೆ ಚರಂಡಿಯ ಗಬ್ಬು ಸೀದಾ ಮೇಲೆ ಬರುತ್ತದೆ. ಎರಡು ಚೊಂಬು ನೀರು ಸುರಿದು ಅರ್ಧ ಗಂಟೆ ಕಾಯಿರಿ. ವಾಸನೆ ಹೋದರೆ ಬೆಕ್ಕು ನಿರಪರಾಧಿ.

ತೊಳೆಯುವಾಗ ನಮ್ಮ ಮನೆಗಳಲ್ಲಿ ಕೈ ತಾನಾಗಿ ಫಿನಾಯಿಲ್ ಬಾಟ್ಲಿಗೆ ಹೋಗುತ್ತದೆ. ಬೆಕ್ಕಿರುವ ಮನೆಯಲ್ಲಿ ಅದು ವಿಷ. ಕರಿ ಫಿನಾಯಿಲ್ಲಿನ ಫೀನಾಲ್‌ಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ಪೈನ್ ಎಣ್ಣೆಯ ಬಿಳಿ ಫಿನಾಯಿಲ್, ಡೆಟಾಲ್, ನೀಲಗಿರಿ ಎಣ್ಣೆ, ಕರ್ಪೂರ, ನುಸಿಗುಳಿಗೆ ಎಲ್ಲವೂ ಅಪಾಯವೇ. ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕಿಯೇ ನೆಕ್ಕುತ್ತದೆ. ಬ್ಲೀಚ್ ಇನ್ನೊಂದು ಬಗೆಯಲ್ಲಿ ಕೆಟ್ಟದ್ದು: ಉಳಿದ ಅಮೋನಿಯಾದ ಜೊತೆ ಸೇರಿ ಕ್ಲೋರಮೈನ್ ಅನಿಲವಾಗುತ್ತದೆ, ಕಿಟಕಿಯಿಲ್ಲದ ಬಾತ್‌ರೂಮಿನಲ್ಲಿ ಕೆಮ್ಮು ಹತ್ತುವುದು ನಿಮಗೇ. ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಬಿಸಿನೀರಿನಲ್ಲಿ ಉಜ್ಜಿ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), ಇಲ್ಲಿನ ಕಿರಾಣಿಯವನ ಭಾಷೆಯಲ್ಲಿ ಲಿಂಬು ಫೂಲ್, ಕರಗಿಸಿ ತಳದಲ್ಲಿ ಹತ್ತು ನಿಮಿಷ ನಿಲ್ಲಿಸಿ. ಅಮೋನಿಯಾ ಕ್ಷಾರ, ಇದು ಆಮ್ಲ. ಘಾಟು ಅಲ್ಲೇ ಸಾಯುತ್ತದೆ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿದರೂ ಆದೀತು. ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ನೀರು ಹೊತ್ತು ನೋಡಿ ಬರುವ ಬಿಲ್ಡಿಂಗುಗಳಲ್ಲಿ ಈ ಕೆಲಸವನ್ನು ನೀರು ಬಿಟ್ಟಿರುವಾಗಲೇ ಇಟ್ಟುಕೊಳ್ಳುವುದು ಜಾಣತನ.

ಇದೇ ಕಾರಣಕ್ಕೆ ಎಲ್ಲರೂ ಹೇಳುವ ಅಡಿಗೆ ಸೋಡಾದ ಬಗ್ಗೆ ನಮಗೆ ಅಷ್ಟು ಗೌರವವಿಲ್ಲ. ಸೋಡಾವೂ ಕ್ಷಾರವೇ, ಅಮೋನಿಯಾಕ್ಕೆ ಅದು ಮದ್ದಲ್ಲ. ಕಕ್ಕದ ಹುಳಿ ವಾಸನೆಗೆ ಒಂದೆರಡು ಚಮಚ ತಳದಲ್ಲಿ ಉದುರಿಸಿದರೆ ತೊಂದರೆಯೇನಿಲ್ಲ. ಸಕ್ರಿಯ ಇದ್ದಿಲು ಗಂಧಕದ ನಾತವನ್ನು ಚೆನ್ನಾಗಿ ಹಿಡಿಯುತ್ತದೆ, ಅಮೋನಿಯಾವನ್ನು ಅಷ್ಟಾಗಿ ಅಲ್ಲ. ಇಸ್ತ್ರಿಯವನ ಇದ್ದಿಲು ಎರಡಕ್ಕೂ ಇಲ್ಲ. ಅಮೋನಿಯಾವನ್ನು ನಿಜವಾಗಿ ಹಿಡಿಯುವುದು ಜಿಯೋಲೈಟ್ ಎಂಬ ಖನಿಜ, ನಮ್ಮ ಕರಾವಳಿಯ ಸಿಗಡಿ ಕೃಷಿಕರಿಗೆ ಪರಿಚಿತ ವಸ್ತು. ಇಲ್ಲಿ ಅಕ್ವೇರಿಯಂ ಅಂಗಡಿಯಲ್ಲಿ ಕೇಳಿ. ಪುಡಿ ಬೇಡ, ಹರಳು ರೂಪದ್ದು. 10 ಕಿಲೋ ಲಿಟರಿಗೆ ಎರಡು ಹಿಡಿ ಬೆರೆಸಿ.

ಕಕ್ಕದ ವಾಸನೆಯ ಬೇರು ಬಟ್ಟಲಲ್ಲಿ. ಹಾಲನ್ನ, ಮೊಸರನ್ನ ಹಾಕಿ ಬೆಕ್ಕು ಸಾಕಿದ ಅಭ್ಯಾಸ ನಮ್ಮದು. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಲ್ಯಾಕ್ಟೋಸ್ ಅರಗುವುದಿಲ್ಲ, ಭೇದಿಯಾಗುತ್ತದೆ. ಬಂಗುಡೆ, ಬೂತಾಯಿ ಮೀನಿನ ತಲೆಗಳನ್ನೇ ದಿನಾ ಕೊಟ್ಟರೂ ಅದೇ ಕತೆ. ಆಹಾರ ಬದಲಿಸುವುದಾದರೆ ಏಳು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಿಸಿ.

ಬಾಚಿದ್ದನ್ನು ಕಮೋಡಿಗೆ ಹಾಕಬೇಡಿ. ಬೆಂಟೊನೈಟ್ ಪೈಪಿನೊಳಗೆ ಉಬ್ಬಿ ಕೂತರೆ ಕೆಳಗಿನ ಮನೆಯವರೆಗೂ ತಾಪತ್ರಯ. ಟೋಫು ಚೀಲದ ಮೇಲೆ ಫ್ಲಶ್ ಮಾಡಬಹುದೆಂದು ಬರೆದಿದ್ದರೂ ಹಳೇ ಬಿಲ್ಡಿಂಗಿನ ಪೈಪಿಗೆ ಆ ಪರೀಕ್ಷೆ ಬೇಡ. ಸೊಸೈಟಿಯ ಗೊಬ್ಬರದ ಗುಂಡಿಗೂ ಸಲ್ಲದು. ಪೇಪರಿನಲ್ಲಿ ಸುತ್ತಿ, ಖಾಲಿಯಾದ ಆಟಾ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಬೇರೆಯಾಗಿಯೇ ಕೊಡಿ, ಕಸ ಒಯ್ಯುವವರಿಗೆ ಏನೆಂದು ಹೇಳಿ. ಕೆಲವು ಬೆಕ್ಕುಗಳ ಕಕ್ಕದಲ್ಲಿ ಟಾಕ್ಸೋಪ್ಲಾಸ್ಮಾ ಪರಾವಲಂಬಿ ಇರಬಹುದು. ಅದು ಸೋಂಕು ತಗಲಿಸುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ದಿನಾ ತೆಗೆದರೆ ಆ ಭಯ ಬಹುಪಾಲು ಇಲ್ಲ. ಆದರೂ ಬಸುರಿಯರು ಈ ಕೆಲಸ ಬೇರೆಯವರಿಗೆ ಬಿಡಲಿ.

ಬಾಚುವಾಗ ಉಂಡೆಗಳ ಮೇಲೆ ಕಣ್ಣಿರಲಿ. ಎಲ್ಲವೂ ಮಾಮೂಲಿಯಂತಿದ್ದು ಉಂಡೆಗಳು ಮಾತ್ರ ಇದ್ದಕ್ಕಿದ್ದಂತೆ ದೊಡ್ಡವಾಗಿ, ಹೆಚ್ಚಾಗಿ, ವಾಸನೆ ಕಡಿಮೆಯಾದರೆ ಖುಷಿಪಡಬೇಡಿ. ಮೂತ್ರಪಿಂಡದ ತೊಂದರೆಯಲ್ಲೂ ಸಕ್ಕರೆ ಕಾಯಿಲೆಯಲ್ಲೂ ಹೀಗಾಗುತ್ತದೆ, ರಕ್ತ ಪರೀಕ್ಷೆ ಮಾಡಿಸಿ. ಗಂಡು ಬೆಕ್ಕು ಮತ್ತೆಮತ್ತೆ ಡಬ್ಬಿಗಿಳಿದು ತಿಣುಕುತ್ತಿದ್ದು ಉಂಡೆಯೇ ಸಿಗದಿದ್ದರೆ ಮೂತ್ರನಾಳ ಕಟ್ಟಿಕೊಂಡಿದೆ ಎಂದೇ ತಿಳಿಯಿರಿ. ಬೆಳಗಾಗಲಿ ಎಂದು ಕಾಯುವಂತಿಲ್ಲ, ಹತ್ತಿರ ತೆರೆದಿರುವ ಡಾಕ್ಟರಿಗೆ ಫೋನ್ ಮಾಡುತ್ತಲೇ ಬುಟ್ಟಿಯಲ್ಲಿಟ್ಟುಕೊಂಡು ಹೊರಡಿ.