ಎರೆಮಣ್ಣಿನ ಕೆಳಗೆ ಬಂಡೆ ಇದ್ದರೆ ಸೇತುವೆಗೆ ಯಾವ ವರ್ಗ?

ಸಿಂಧನೂರು, 14 ಮೇ 2024, ಮಂಗಳವಾರ

ಭೂಕಂಪದಲ್ಲಿ ಸೇತುವೆಗೆ ಬರುವ ಹೊರೆಯ ಲೆಕ್ಕಕ್ಕೆ ಕೆಳಗಿನ ಮಣ್ಣಿನ ವರ್ಗ ಗೊತ್ತಿರಬೇಕು. ತುಂಗಭದ್ರಾ ಎಡದಂಡೆ ಕಾಲುವೆ ಬಂದ್ ಇರುವಾಗ ಮಣ್ಣು ಪರೀಕ್ಷೆಯ ಬೋರ್ ಹಾಕುವುದು ಸುಲಭ. ಆದರೆ ಬಿಸಿಲಿಗೆ ಒಣಗಿ ಬಿರುಕುಬಿಟ್ಟ ಎರೆಮಣ್ಣಿನಲ್ಲಿ ಎಸ್‌ಪಿಟಿಯ (ಸುತ್ತಿಗೆಯಿಂದ ಕೊಳವೆ ಬಡಿದು ಮಣ್ಣಿನ ಗಟ್ಟಿತನ ಅಳೆಯುವ ಪರೀಕ್ಷೆ) ಎನ್ ಸಂಖ್ಯೆ, ಅಂದರೆ ಪೆಟ್ಟುಗಳ ಎಣಿಕೆ, ಹೆಚ್ಚು ಬರುತ್ತದೆ. 63.5 ಕೆ.ಜಿ. ಸುತ್ತಿಗೆ, 75 ಸೆಂ.ಮೀ. ಎತ್ತರ, ಮೊದಲ 15 ಸೆಂ.ಮೀ. ಬಿಟ್ಟು ಮುಂದಿನ 30ಕ್ಕೆ ಬಿದ್ದ ಪೆಟ್ಟು: ಇದನ್ನೆಲ್ಲ ಸರಿಯಾಗಿ ಮಾಡಿದರೂ ಗದ್ದೆಗೆ ನೀರು ಹರಿದ ಮೇಲೆ ಅದೇ ಮಣ್ಣು ಮೆತ್ತಗಾಗುತ್ತದೆ. ಬೋರ್‌ನ ದಾಖಲೆಯಾದ ಲಾಗ್‌ನಲ್ಲಿ ತೇವಾಂಶ ಬರೆಯಲೇಬೇಕು. ನೀರಿನ ಕಾಲದಲ್ಲಿ ಇನ್ನೊಂದು ಬೋರ್ ಹಾಕಿಸಿದರೆ ಇನ್ನೂ ಒಳ್ಳೆಯದು.

ದೊಡ್ಡ ತಪ್ಪು ಆಗುವುದು 30 ಮೀಟರ್ ಆಳದವರೆಗಿನ ಎನ್‌ನ ಸರಾಸರಿಯಲ್ಲಿ. 6 ಮೀಟರ್ ಎರೆ (ಎನ್ 5), 4 ಮೀಟರ್ ಗರಸು (40), ಉಳಿದ 20 ಮೀಟರ್ ಬಂಡೆ (100 ಎಂದು ಮಿತಿ ಇಟ್ಟುಕೊಳ್ಳೋಣ). ದಪ್ಪಕ್ಕೆ ತಕ್ಕಂತೆ ನೇರ ಸರಾಸರಿ ತೆಗೆದರೆ 73 ಬರುತ್ತದೆ. 30ಕ್ಕಿಂತ ಹೆಚ್ಚಾದ್ದರಿಂದ ವರ್ಗ 1, ಗಟ್ಟಿ ನೆಲ! ಭೂಕಂಪ ವಿನ್ಯಾಸದ ಭಾರತೀಯ ಮಾನದಂಡ ಐಎಸ್ 1893ರ 2016ರ ಆವೃತ್ತಿ ಹೇಳುವುದು ಬೇರೆ: ಪ್ರತಿ ಪದರದ ದಪ್ಪವನ್ನು ಅದರ ಎನ್‌ನಿಂದ ಭಾಗಿಸಿ ಕೂಡಿಸಿ, ಆ ಮೊತ್ತದಿಂದ 30 ಮೀಟರನ್ನು ಭಾಗಿಸಿ. 1.2 + 0.1 + 0.2 = 1.5, 30 ÷ 1.5 = 20. ಅಂದರೆ ವರ್ಗ 2. ಮೆತ್ತನೆಯ ಪದರ ತೆಳ್ಳಗಿದ್ದರೂ ಲೆಕ್ಕವನ್ನು ಆಳುವುದು ಅದೇ. 10ಕ್ಕಿಂತ ಕಡಿಮೆ ಬಂದರೆ ವರ್ಗ 3.

ವರ್ಗ ಬದಲಾದರೆ ಹೊರೆ ಎಷ್ಟು ಬದಲಾಗುತ್ತದೆ ಎಂಬುದು ಪಿಯರ್‌ನ (ಸೇತುವೆಯ ಕಂಬ) ಆವರ್ತ ಕಾಲ ಟಿ, ಅಂದರೆ ಅದು ಒಮ್ಮೆ ಅತ್ತಿತ್ತ ತೂಗಲು ಹಿಡಿಯುವ ಸಮಯದ ಮೇಲೆ ನಿಂತಿದೆ. ಗಿಡ್ಡ, ದಪ್ಪ ಪಿಯರ್‌ಗೆ ಟಿ 0.3 ಸೆಕೆಂಡ್ ಇದ್ದರೆ ನೆಲದ ಅಲುಗಾಟ ಪಿಯರ್‌ನಲ್ಲಿ ಎಷ್ಟು ಪಟ್ಟಾಗುತ್ತದೆ ಎನ್ನುವ ಗುಣಾಂಕ ಮೂರೂ ವರ್ಗಕ್ಕೆ 2.5 ಒಂದೇ. ಎತ್ತರದ ಪಿಯರ್‌ನಲ್ಲಿ ಹಾಗಲ್ಲ. ಹೊರುವ ತೂಕ 6000 ಕಿಲೋನ್ಯೂಟನ್, ತುದಿಯನ್ನು 1 ಮಿ.ಮೀ. ಸರಿಸಲು 24 ಕಿಲೋನ್ಯೂಟನ್ (ಮೀಟರಿಗೆ 24000) ಬೇಕೆಂದರೆ ಟಿ = 2√(6000 ÷ 24000) = 1 ಸೆಕೆಂಡ್. ಆಗ ವರ್ಗ 1, 2, 3ಕ್ಕೆ ಗುಣಾಂಕ ಕ್ರಮವಾಗಿ 1.00, 1.36, 1.67. 2016ರ ಆವೃತ್ತಿಯ ನಕ್ಷೆಯಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಭೂಕಂಪ ವಲಯ 2ರಲ್ಲಿದ್ದವು, ವಲಯದ ಗುಣಕ ಝಡ್ 0.10, ಅದರ ಅರ್ಧ, ಗುಣಾಂಕ, ತೂಕ ಮೂರನ್ನೂ ಗುಣಿಸಿದರೆ ಅಡ್ಡಬಲ 300, 408, 501 ಕಿಲೋನ್ಯೂಟನ್ (ಪ್ರಾಮುಖ್ಯ ಗುಣಕ, ಬಲ ತಗ್ಗಿಸುವ ಗುಣಕ ಆರ್ ಇನ್ನೂ ಹಾಕಿಲ್ಲ). ಕಡಿಮೆ ವಲಯವೆಂದು ಮಣ್ಣಿನ ವರ್ಗವನ್ನು ಕಣ್ಣಂದಾಜಿನಲ್ಲಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ. 1843ರಲ್ಲಿ ಬಳ್ಳಾರಿಯೇ ಭೂಕಂಪದಲ್ಲಿ ನಡುಗಿದೆ.

ಇನ್ನೊಂದು ಕಡೆ ಗಮನ ಬೇಕು. ಪಿಯರ್ ಬುಡ ಅಲುಗದೆ ನಿಂತಿದೆ ಎಂದು ಮಾದರಿ ಮಾಡುವ ಬದಲು ಪೈಲ್ (ನೆಲದಾಳಕ್ಕೆ ಇಳಿಸಿದ ಅಡಿಪಾಯದ ಕಂಬ) ಸುತ್ತಲಿನ ಮಣ್ಣನ್ನು ಸ್ಪ್ರಿಂಗ್‌ನಂತೆ ಲೆಕ್ಕಕ್ಕೆ ಹಾಕಿದರೆ ಟಿ 1.4ಕ್ಕೆ ಏರಿತು ಎನ್ನೋಣ. ವರ್ಗ 2ರಲ್ಲಿ ಬಲ 408ರಿಂದ 291ಕ್ಕೆ ಇಳಿಯುತ್ತದೆ, ಇದನ್ನು ನೋಡಿ ಖುಷಿಪಟ್ಟು ಅಲ್ಲೇ ನಿಲ್ಲಿಸುವವರುಂಟು. ಆದರೆ ತುದಿಯ ಸರಿತ 17 ಮಿ.ಮೀ.ನಿಂದ 24ಕ್ಕೆ ಏರುತ್ತದೆ. ಪ್ರವಾಹ ಪೈಲ್ ಸುತ್ತಲಿನ ಮಣ್ಣು ಕೊರೆದರೂ ಟಿ ಹೀಗೆಯೇ ಬೆಳೆಯುತ್ತದೆ, ಜೊತೆಗೆ ಪೈಲ್‌ನ ಬಾಗುಬಲವೂ ಹೆಚ್ಚಬಹುದು. ಹಾಗಾಗಿ ಕೊರೆತವಿಲ್ಲದೆ ಒಮ್ಮೆ, ಕೊರೆತದೊಂದಿಗೆ ಒಮ್ಮೆ ಲೆಕ್ಕ ಮಾಡಿ, ಬೇರಿಂಗ್‌ನ (ಗರ್ಡರ್ ಕೂರುವ ಆಧಾರ) ಚಲನೆ, ಎಕ್ಸ್‌ಪಾನ್ಷನ್ ಜಾಯಿಂಟ್‌ನ ಸಂದು, ಪಿಯರ್ ಕ್ಯಾಪ್ (ಪಿಯರ್‌ನ ತಲೆ) ಮೇಲೆ ಗರ್ಡರ್ (ರಸ್ತೆ ಹೊರುವ ತೊಲೆ) ಕೂರುವ ಅಗಲವನ್ನು ಎರಡರಲ್ಲಿ ದೊಡ್ಡ ಸರಿತಕ್ಕೆ ನೋಡಬೇಕು.